ಕಿವಿ ಚುಚ್ಚದ ಗಂಗಾ

ಕೋವಿಡ್ ತಣ್ಣಗಾದ ಮರುವರ್ಷ ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸಕನಾಗಿದ್ದೆ. ಹುಟ್ಟಿನಿಂದಲೇ ಬರುವ ಹೃದಯದೋಷಗಳು ನನ್ನ ಸಂಶೋಧನೆಯ ವಿಷಯವೂ ಹೌದು. ನನ್ನೂರು ರೋಣ, ಆ ಕಡೆಯವರು ಬಂದರೆ ಎರಡು ಮಾತು ಹೆಚ್ಚೇ ಆಡುವ ಚಟ.

ಗಜೇಂದ್ರಗಡದ ಹತ್ತಿರದ ಪುರ್ತಗೇರಿಯಿಂದ ನೀಲವ್ವ ಎಂಬ ಅಜ್ಜಿ ನಾಲ್ಕು ವರ್ಷದ ಮೊಮ್ಮಗಳು ಗಂಗಾಳನ್ನು ಕಂಕುಳಲ್ಲಿ ಹೊತ್ತು ಬಂದರು. ಹುಡುಗಿಯ ತಂದೆತಾಯಿ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಕಾಯಿಲೆ ‘ಟೆಟ್ರಾಲಜಿ ಆಫ್ ಫ್ಯಾಲೋ’: ಹೃದಯದೊಳಗಿನ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಇಂಥ ಮಗು ಜೋರಾಗಿ ಅತ್ತರೆ ಶುದ್ಧವಾಗದ ರಕ್ತವೇ ಮೈಗೆ ಹರಿದು ತುಟಿ ನೀಲಿಗಟ್ಟುತ್ತದೆ, ಪ್ರಜ್ಞೆಯೂ ತಪ್ಪಬಹುದು. ಆದರೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಬೋಳು ಕಿವಿ. ನಮ್ಮ ಕಡೆ ಹೆಣ್ಣುಮಗು ನಡೆಯಲು ಕಲಿಯುವ ಮೊದಲೇ ಅಕ್ಕಸಾಲಿಗ ಪತ್ತಾರನಿಂದ ಕಿವಿ ಚುಚ್ಚಿಸಿ ಚಿನ್ನದೆಳೆ ಹಾಕಿಸಿರುತ್ತಾರೆ.

“ಯಾಕ್ರಿ ಯವ್ವಾ, ಕಿವಿ ಚುಚ್ಚಿಸಿಲ್ಲ?” ಎಂದೆ.

“ಚುಚ್ಚಿದ್ರ ಅಳ್ತಾಳಲ್ರಿ ಸಾಹೇಬ್ರ. ಅತ್ತರ ಕೂಸು ಕೈ ಬಿಟ್ಟು ಹೊಕ್ಕೈತಿ. ನಮ್ಮ ಓಣ್ಯಾಗ ಈಕಿನ್ನ ಯಾರೂ ಅಳಸಂಗಿಲ್ಲ.”

ಓಣಿಯ ಮಕ್ಕಳು ಆಟದಲ್ಲಿ ಬೇಕಂತಲೇ ಸೋಲುತ್ತಿದ್ದರಂತೆ. ಗಂಗಾ ಬೊಟ್ಟು ಮಾಡಿದ ಶೇಂಗಾ ಉಂಡಿ ಯಾರ ಮನೆಯದಾದರೂ ಅವಳ ಕೈಗೆ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ಇಲ್ಲಿ ಅಳುವ ಮೊದಲೇ ಓಣಿಯೆಲ್ಲ ಹಾಲು ಹಿಡಿದು ನಿಂತಿತ್ತು.

ತಂದೆತಾಯಿ ಬಂದು ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟರು. ರಂಧ್ರ ಮುಚ್ಚಿ, ದಾರಿ ಅಗಲಿಸಿದೆವು. ಎಲ್ಲ ಸುಸೂತ್ರ, ಇನ್ನು ಅತ್ತರೂ ನೀಲಿಗಟ್ಟುವ ಭಯವಿರಲಿಲ್ಲ. ತೊಂದರೆ ಶುರುವಾದದ್ದು ಅವಳನ್ನು ವೆಂಟಿಲೇಟರ್‌ನಿಂದ ಬಿಡಿಸಿದ ಮೇಲೆ. ಕಫ ಕಟ್ಟಿ ಬಲ ಶ್ವಾಸಕೋಶದ ಕೆಳಭಾಗ ಮುದುಡಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಅವಳು ಕೆಮ್ಮಬೇಕಿತ್ತು, ಅಳಬೇಕಿತ್ತು. ಪುಟ್ಟ ಮಕ್ಕಳಿಗೆ ಅಳುವೇ ಉಸಿರಿನ ವ್ಯಾಯಾಮ. ಇಲ್ಲವಾದರೆ ಮತ್ತೆ ವೆಂಟಿಲೇಟರ್, ಮತ್ತೆ ಜೀವದ ಚಿಂತೆ. ಆದರೆ ಸಿಸ್ಟರ್ ಬೆನ್ನು ತಟ್ಟುವಾಗ ಗಂಗಾಳ ತುಟಿ ಸೊಟ್ಟಗಾದರೆ ಸಾಕು, ನೀಲವ್ವ ಅಡ್ಡ ಬಂದು ಮುದ್ದು ಮಾಡಿ ಸುಮ್ಮನಾಗಿಸಿಬಿಡುತ್ತಿದ್ದರು. ನನಗೆ ಸಿಟ್ಟು ಬಂತು. ಮರುಕ್ಷಣವೇ ಇಳಿಯಿತು. ಇಷ್ಟು ವರ್ಷ ಮಗುವನ್ನು ಉಳಿಸಿದ್ದೇ ಆ ಅಭ್ಯಾಸವಲ್ಲವೇ?

“ಯವ್ವಾ, ಇವತ್ತ ಆಕಿ ಅಳಬೇಕ್ರಿ. ಅತ್ತರನ ಉಳೀತಾಳ.”

“ಖರೇನ್ರಿ?”

“ಖರೇ. ನಾ ಇಲ್ಲೇ ನಿಂತಿರ್ತೀನಿ.”

ಮೊಮ್ಮಗಳ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು ನೀಲವ್ವ ಬಾಗಿಲ ತನಕ ಹೋಗಿ ಬೆನ್ನು ತಿರುಗಿಸಿ ನಿಂತರು. ಗಂಗಾ ಚೀರಿದಳು, ಅತ್ತಳು, ಕೆಮ್ಮಿದಳು, ಕಫ ಹೊರಬಂತು. ಮಾನಿಟರ್‌ನಲ್ಲಿ ಆಮ್ಲಜನಕ ಇಳಿಯಲಿಲ್ಲ. “ತಿರುಗಿ ನೋಡ್ರಿ” ಎಂದು ನಾನು ಕೂಗಿದರೂ ಅಜ್ಜಿ ನೋಡಲಿಲ್ಲ, ಸೆರಗನ್ನು ಬಾಯಿಗೊತ್ತಿಕೊಂಡು ಹಾಗೇ ನಿಂತಿದ್ದರು.

ಮುಂದಿನ ವರ್ಷ ನರಗುಂದದ ತಪಾಸಣಾ ಶಿಬಿರಕ್ಕೆ ಇಬ್ಬರೂ ಬಂದರು. ಗಂಗಾಳ ಕಿವಿಯಲ್ಲಿ ಚಿನ್ನದೆಳೆ ಹೊಳೆಯುತ್ತಿತ್ತು.

“ಪತ್ತಾರ ಚುಚ್ಚೂ ಮುಂದ ಇಡೀ ಓಣಿ ನೆರದಿತ್ರಿ. ಏನ್ ಒದರಾಟ ಅಂತೀರಿ!” ಎಂದು ನಕ್ಕರು ನೀಲವ್ವ. “ಈ ಸಲ ನಾ ಮಾರಿ ತಿರುಗಸ್ಲಿಲ್ರಿ. ತುಟೀನ ನೋಡ್ಕೋಂತ ನಿಂತಿದ್ದೆ. ಕೆಂಪಗ ಇದ್ವು.”

ಈಗ ಯಾವ ಮಗು ಬಂದರೂ ಎಕ್ಸ್‌ರೇ ಎತ್ತಿಕೊಳ್ಳುವ ಮೊದಲು, ಇಲ್ಲಿಯವರೆಗೆ ಇದನ್ನು ಕಾಯ್ದವರು ಯಾರು ಎಂದು ಕೇಳುತ್ತೇನೆ. ನನ್ನ ಕೆಲಸ ಶುರುವಾಗುವುದು ಅವರಿಗೆ ಕೈಮುಗಿದ ಮೇಲೆ.