ದೊಡ್ಡಕ್ಕ ನಿಲ್ಲುತ್ತಿದ್ದ ಜಾಗ

ಅತ್ತಿಗೆಯ ಒಳ್ಳೆಯತನದಿಂದ ನಾದಿನಿಗೆ ಸಾಕುಸಾಕಾಗಿ ಹೋಗಿತ್ತು. ಕೆಟ್ಟವರ ಜೊತೆಯಾದರೆ ಜಗಳವಾಡಿ ಗೆಲ್ಲಬಹುದು. ಎಷ್ಟು ಬೈದರೂ ನಗುನಗುತ್ತಾ ಪೊರಕೆ ಹಿಡಿದು ಹೊರಡುವವಳ ಜೊತೆ ಏನು ಮಾಡುವುದು?

ಅತ್ತಿಗೆ ಆಸ್ಪತ್ರೆಯ ಲಾಂಡ್ರಿಗೆ ಮುಖ್ಯಸ್ಥೆ, ಅಲ್ಲಿಯ ಹೆಂಗಸರಿಗೆಲ್ಲ ದೊಡ್ಡಕ್ಕ. ಒಂದು ಕಾಲಕ್ಕೆ ಅಲ್ಲೇ ರಕ್ತದ ಕಲೆಯ ಬಟ್ಟೆ ನೆನೆಸುತ್ತಿದ್ದವಳು. ಗಂಡ ತೀರಿಕೊಂಡ ಮೇಲೂ ಅವನ ತಂಗಿಯನ್ನು ಕೈಬಿಡದೆ, ಮನೆಯಲ್ಲಿ ಜೊತೆಗಿಟ್ಟುಕೊಂಡು, ಲಾಂಡ್ರಿಯಲ್ಲಿ ಕೆಲಸವನ್ನೂ ಕೊಡಿಸಿದ್ದಳು. ಮುಖ್ಯಸ್ಥೆಯಾದ ವಾರ ಚರ್ಚಿನಲ್ಲಿ ಮೊಣಕಾಲೂರಿ, "ಯೇಸುಸ್ವಾಮಿ, ನೀವು ಶಿಷ್ಯರ ಕಾಲು ತೊಳೆದ ಹಾಗೆ ನಾನೂ ಇವರ ಸೇವೆ ಮಾಡ್ತೀನಿ" ಎಂದು ಮಾತು ಕೊಟ್ಟಳು. ಕೊಟ್ಟ ಮಾತನ್ನು ಚಾಚೂ ತಪ್ಪದೆ ನಡೆಸಿದಳು, ಬಂದ ಕಷ್ಟವೇ ಅದು. ಎಲ್ಲರಿಗಿಂತ ಮೊದಲು ಬಂದು ನೆಲ ಒರೆಸುವುದು, ಎಲ್ಲರ ಚಹಾ ಲೋಟ ತೊಳೆಯುವುದು, ಸೊಂಟ ನೋವೆಂದವರ ಗಾಡಿಯನ್ನು ತಾನೇ ತಳ್ಳುವುದು. ಸೊಂಟ ನೋವು ಆ ಲಾಂಡ್ರಿಯಲ್ಲಿ ಭಾರೀ ಬೇಗ ಹರಡಿತು.

ಇಷ್ಟೇ ಆಗಿದ್ದರೆ ನಾದಿನಿ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳೇನೋ. ಇಸ್ತ್ರಿ ಯಂತ್ರದ ವಿಷಯ ಬೇರೆ. ಒದ್ದೆ ಬೆಡ್‌ಶೀಟಿನ ಅಂಚನ್ನು ಎರಡು ಬಿಸಿ ರೋಲರ್‌ಗಳ ನಡುವೆ ಕೊಟ್ಟರೆ ಅದು ಸರ್ರನೆ ಎಳೆದುಕೊಂಡು ಆ ಕಡೆಯಿಂದ ಗರಿಗರಿಯಾಗಿ ಹೊರಗೆ ಹಾಕುತ್ತದೆ. ಬಟ್ಟೆ ಯಾವುದು, ಬೆರಳು ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಕೈ ಒಳಗೆ ಹೋಗದಂತೆ ಮುಂದೆ ಇದ್ದ ಕಬ್ಬಿಣದ ತಡೆ ಮುರಿದು ಬಿದ್ದಿತ್ತು. ದೊಡ್ಡಕ್ಕ ಮ್ಯಾನೇಜರಿಗೆ ಒಮ್ಮೆ ಹೇಳಿದಳು. ಅವರು "ನೋಡೋಣ" ಅಂದರು, ನೋಡಲಿಲ್ಲ. ಯಂತ್ರ ನಿಲ್ಲಿಸುವ ಅಧಿಕಾರ ಮುಖ್ಯಸ್ಥೆಗಿತ್ತು. ಈ ಮಹಾತಾಯಿ ಮಾಡಿದ್ದೇನು? ಉಳಿದವರನ್ನೆಲ್ಲ ಹಿಂದೆ ಸರಿಸಿ ರೋಲರ್ ಮುಂದೆ ತಾನೇ ನಿಂತಳು. ತಿಂಗಳುಗಟ್ಟಲೆ ನಿಂತಳು.

"ಅತ್ತಿಗೆ, ನಿಮಗೇನು ತಲೆ ಕೆಟ್ಟಿದೆಯಾ? ರಿಪೇರಿ ಆಗೋವರೆಗೂ ಓಡಿಸಲ್ಲ ಅನ್ನಿ. ಅಷ್ಟೇ ತಾನೇ?"

"ಅದು ದೊಡ್ಡಸ್ತಿಕೆ ಆಗುತ್ತೆ ಕಣೇ. ಕುರ್ಚಿ ಕೊಟ್ಟಿದ್ದಾರೆ ಅಂತ ದರ್ಬಾರು ಮಾಡೋಕಾಗುತ್ತಾ?"

"ಮತ್ತೆ ಕೈ ಹೋದ್ರೆ?"

"ನಂದು ತಾನೇ? ಹೋಗ್ಲಿ ಬಿಡು."

ನಾದಿನಿ ಹಣೆ ಹಣೆ ಚಚ್ಚಿಕೊಂಡಳು. ಆ ಕೈ ಇವಳಿಗೆ ಬೇಡವಾದರೆ ಬೇಡ, ನಾದಿನಿಗೆ ಬೇಕಿತ್ತು. ಅಣ್ಣ ಸತ್ತಾಗ ತನ್ನ ತಲೆ ನೇವರಿಸಿದ ಕೈ ಅದು.

ಆಮೇಲೆ ದೊಡ್ಡಕ್ಕನಿಗೆ ಜ್ವರ ಬಂತು. ಸದ್ಯ, ನಾಲ್ಕು ದಿನವಾದರೂ ಆ ರೋಲರ್‌ನಿಂದ ದೂರ ಇರುತ್ತಾಳಲ್ಲ ಎಂದು ನಾದಿನಿ ಒಳಗೊಳಗೇ ಖುಷಿಪಟ್ಟು, ತಾನೂ ರಜೆ ಹಾಕಿ ಆರೈಕೆ ಮಾಡಿದಳು.

ಇಬ್ಬರೂ ಕೆಲಸಕ್ಕೆ ಮರಳಿದ ಬೆಳಿಗ್ಗೆ ಯಂತ್ರ ಆಗಲೇ ಓಡುತ್ತಿತ್ತು. ಮುಂದೆ ನಿಂತಿದ್ದವಳು ಮೊನ್ನೆ ಮೊನ್ನೆ ಹೆರಿಗೆ ರಜೆ ಮುಗಿಸಿ ಬಂದ ಬಾಣಂತಿ. ಇವರನ್ನು ಕಂಡದ್ದೇ ಅವಳ ಮುಖ ಅರಳಿತು.

"ದೊಡ್ಡಕ್ಕ, ನಿಮ್ಮ ಜಾಗ ಖಾಲಿ ಬಿಡಲಿಲ್ಲ ನೋಡಿ! ಎಲ್ಲರೂ ಹೆದರಿದ್ರು, ನಾನೇ ನಿಲ್ತೀನಿ ಅಂದೆ. ನೀವು ನಮಗೋಸ್ಕರ ನಿಲ್ತಿದ್ರಲ್ಲ, ಹಾಗೇ."

ಮಾತಾಡುತ್ತಾ ಇತ್ತ ತಿರುಗಿದ್ದೇ ತಪ್ಪಾಯಿತು. ಬೆಡ್‌ಶೀಟಿನ ಜೊತೆಗೆ ಅವಳ ತೋಳಿನ ಬಟ್ಟೆಯೂ ಸಿಕ್ಕಿಕೊಂಡು, ರೋಲರ್ ಎಳೆಯತೊಡಗಿತು.

ಜ್ವರದಿಂದ ಎದ್ದು ಬಂದ ದೊಡ್ಡಕ್ಕ ಅದು ಹೇಗೆ ಓಡಿದಳೋ, ನಿಲ್ಲಿಸುವ ಕೆಂಪು ಗುಂಡಿಯನ್ನು ಗುದ್ದಿದಳು. ಬಟ್ಟೆ ಹರಿದಿತ್ತು, ಬೆರಳ ತುದಿಗಳು ಸುಟ್ಟು ಕೆಂಪಾಗಿದ್ದವು. ಬೆರಳುಗಳು ಉಳಿದಿದ್ದವು.

ಬಟ್ಟೆ ಬರಲಿಲ್ಲವೆಂದು ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ದಡಬಡ ಬಂದರು. "ವಾರ್ಡಿನವರು ಕಾಯ್ತಿದ್ದಾರಮ್ಮ, ಶುರು ಮಾಡಿ."

"ಇಲ್ಲ ಸರ್. ತಡೆ ಹಾಕಿಸೋವರೆಗೂ ಇದು ಓಡಲ್ಲ. ಬಟ್ಟೆ ಹೊರಗಡೆ ಕಳಿಸಿ. ಇಲ್ಲಿಗೆ ನಾನು ಮುಖ್ಯಸ್ಥೆ, ನಾನು ಹೇಳ್ತಿದೀನಿ." ದೊಡ್ಡಕ್ಕ ಕೆಂಪು ಗುಂಡಿಗೆ ಕೈ ಅಡ್ಡ ಹಿಡಿದಿದ್ದಳು.

ಅವರೇನಾದರೂ ಬಾಯಿ ಮಾಡಿದರೆ ತಾನೂ ಬಿಡುವುದಿಲ್ಲವೆಂದು ನಾದಿನಿ ಮುಂದೆ ಬಂದು ನಿಂತಳು. ಅವರು ಬಾಯಿ ಮಾಡಲಿಲ್ಲ. ಮುರಿದ ಜಾಗ ನೋಡಿ ತಬ್ಬಿಬ್ಬಾದರು.

"ಇದಿನ್ನೂ ಹೀಗೇ ಇದೆಯಾ? ಬಟ್ಟೆ ಟೈಮಿಗೆ ಸರಿಯಾಗಿ ಬರ್ತಾನೇ ಇತ್ತಲ್ಲಮ್ಮ. ಅಂಥ ತೊಂದರೆ ಏನಿಲ್ಲ ಅಂದ್ಕೊಂಡೆ." ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಲೇ ಹೊರಗೆ ಹೋದರು.

ನಗಬೇಕೋ ಅಳಬೇಕೋ ನಾದಿನಿಗೆ ತಿಳಿಯಲಿಲ್ಲ. ಒಂದು "ಇಲ್ಲ" ಅನ್ನುವುದಕ್ಕೆ ಇಷ್ಟು ತಿಂಗಳು! ಇವತ್ತು ಚೆನ್ನಾಗಿ ಉಗಿಯಬೇಕೆಂದು ಅವಳು ತಿರುಗಿದಾಗ ದೊಡ್ಡಕ್ಕ ನೆಲದ ಮೇಲೆ ಕೂತು ಬಾಣಂತಿಯ ಬೆರಳಿಗೆ ಮುಲಾಮು ಹಚ್ಚುತ್ತಿದ್ದಳು.

"ಅಳಬೇಡಿ ದೊಡ್ಡಕ್ಕ, ನಂಗೇನೂ ಆಗಿಲ್ಲ," ಎಂದು ಬಾಣಂತಿ ಇನ್ನೊಂದು ಕೈಯನ್ನು ಮುಂದೆ ಚಾಚಿದಳು. "ರಿಪೇರಿ ಆಗೋ ಮೊದ್ಲು ಅರ್ಜೆಂಟ್ ಬಟ್ಟೆ ಏನಾದ್ರೂ ಬಂದ್ರೆ ಹೇಳಿ. ಈ ಕೈ ಚೆನ್ನಾಗೇ ಇದೆಯಲ್ಲ."

ದೊಡ್ಡಕ್ಕ ಆ ಕೈಯನ್ನೂ ಎಳೆದು ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. "ಬೇಡ ಕಣೇ," ಎಂದು ಬಿಕ್ಕಿದಳು. "ನೀನೂ ನಿಲ್ಲಬೇಡ. ನಾನೂ ಇನ್ಮೇಲೆ ನಿಲ್ಲಲ್ಲ."