ಬಿಸಿಯಾಗಿದ್ದ ಗೊರಸು

ಯಲ್ಲದಕೆರೆ ಹತ್ತಿರ ಕುರಿಹಿಂಡಿನ ಜೊತೆ ಕುಂಟುತ್ತಿದ್ದ ಕುದುರೆಯನ್ನು ಕಂಡವಳೇ ನನ್ನ ಮಗಳು ಕಾರು ನಿಲ್ಲಿಸಿ ಇಳಿದಳು. ಇದನ್ನು ಇಲ್ಲೇ ಬಿಟ್ಟು ಹೋಗಬೇಕಾಯಿತಲ್ಲ ಎನ್ನುತ್ತ ಕುರಿಗಾಹಿ ಅದರ ಬೆನ್ನ ಮೇಲಿನ ಹೇರು ಇಳಿಸುತ್ತಿದ್ದ. ಮಗಳು ಬಾಗಿ, ನಾಲ್ಕೂ ಗೊರಸುಗಳ ಮೇಲೆ ಅಂಗೈ ಇಟ್ಟು ನೋಡಿದಳು.

"ಅಣ್ಣ, ಇದೊಂದೇ ಬಿಸಿ ಐತೆ, ಮುಟ್ಟಿ ನೋಡ್ರಿ."

ಅವನು ಮುಟ್ಟಿದ. ಕುತೂಹಲ ತಡೆಯದೆ ನಾನೂ ಮುಟ್ಟಿದೆ. ಜ್ವರ ಬಂದ ಮಗುವಿನ ಹಣೆಯಂತಿತ್ತು. ಮಗಳು ಆ ಕಾಲನ್ನೆತ್ತಿ, ಅಡಿಯಲ್ಲಿ ಮುರಿದು ಕೂತಿದ್ದ ಜಾಲಿ ಮುಳ್ಳನ್ನು ಕಿತ್ತು, ಗಾಯ ತೊಳೆದಳು. ಕುದುರೆ ಮೆಲ್ಲಗೆ ಕಾಲೂರಿತು.

"ಏನು ಓದ್ತೀಯವ್ವ?" ಎಂದ ಕುರಿಗಾಹಿ.

"ಯೂನಿವರ್ಸಿಟೀಲಿ ಕೃಷಿ ವ್ಯವಹಾರ, ಜತೆಗೆ ಕುದುರೆ ವಿಜ್ಞಾನ."

"ಕುದುರೆ ಓದಾಕೂ ಕಾಲೇಜೈತಾ!" ಎಂದು ಅವನು ಕಣ್ಣರಳಿಸಿದ.

ಮಗಳ ಓದಿನ ಬಗ್ಗೆ ಕೇಳಿದವರಿಗೆ ಇಷ್ಟು ದಿನ ಕೃಷಿ ವ್ಯವಹಾರ ಎಂದಷ್ಟೇ ಹೇಳುತ್ತಿದ್ದೆ. ಈಗ ಕುದುರೆಯಿಂದಲೇ ಶುರು ಮಾಡುತ್ತೇನೆ.