ಎರಡು ಬಣ್ಣದ ಕೈಗಳು

ಬಲಗೈ ಹೆಬ್ಬೆರಳಿನ ಬುಡದಲ್ಲಿ ಮೊದಲ ಬಿಳಿ ಮಚ್ಚೆ ಕಂಡಾಗ ನನಗೆ ಇಪ್ಪತ್ತಾರು. ತಿಳವಳ್ಳಿ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿ ಎರಡು ವರ್ಷವಾಗಿತ್ತು. ಏನೋ ಸುಟ್ಟಿರಬೇಕು ಅಂದುಕೊಂಡೆ. ವರ್ಷ ತುಂಬುವುದರೊಳಗೆ ಅದು ಎರಡೂ ಕೈಗಳಿಗೆ ಹಬ್ಬಿ ಮೊಣಕೈ ಮುಟ್ಟಿತು.

ಅವ್ವ ನನ್ನನ್ನು ಕರೆದುಕೊಂಡು ತಿರುಗದ ಊರಿಲ್ಲ. ಹಿರೇಕೆರೂರು ಕಡೆಯ ಒಬ್ಬರು ಕೊಟ್ಟ ಲೇಪ ಹಚ್ಚಿ ಬಿಸಿಲಿಗೆ ಕೂತೆ, ಬೊಬ್ಬೆ ಎದ್ದವು. ಶಿಗ್ಗಾವಿಯಲ್ಲಿ ಇನ್ನೊಬ್ಬರು ಉಪ್ಪು, ಹುಳಿ ಬಿಡಿಸಿದರು. ಆರು ತಿಂಗಳು ಸಪ್ಪೆ ಉಂಡು ಸೊರಗಿದ್ದೇ ಬಂತು. ಕೊನೆಗೆ ಚರ್ಮದ ಡಾಕ್ಟರು, "ಇದು ಅಂಟೂ ರೋಗ ಅಲ್ರಿ. ಔಷಧಿ ಕೊಡ್ತೇನಿ, ಆದ್ರ ಪೂರ್ತಿ ಹೋಗ್ತೈತಿ ಅಂತ ಹೇಳಾಕಾಗೂದಿಲ್ಲ" ಅಂದರು. ಅವ್ವ ಆಸ್ಪತ್ರೆಯ ಕಟ್ಟೆ ಮೇಲೆ ಕೂತು ಅತ್ತಳು. ನಾನು ಎದುರಿನ ಅಂಗಡಿಗೆ ಹೋಗಿ ಮೈಬಣ್ಣದ ಕ್ರೀಮು ಕೊಂಡೆ.

ಹದಿನಾಲ್ಕು ವರ್ಷ ದಿನಾ ಮುಂಜಾನೆ ಅದನ್ನು ಹಚ್ಚಿಕೊಂಡೆ. ಕೈ ತೊಳೆದಾಗ ಬಣ್ಣ ಹೋಗುತ್ತಿತ್ತು, ಮಕ್ಕಳು ಏನೆಂದು ಕೇಳುತ್ತಿದ್ದರು. "ಸೀಮೆಸುಣ್ಣ ಹತ್ತೈತಿ" ಅನ್ನುತ್ತಿದ್ದೆ. ದೊಡ್ಡ ಮಕ್ಕಳು ನಂಬಿದಂತೆ ನಟಿಸುತ್ತಿದ್ದರು.

ಹೋದ ವರ್ಷ ಒಂದನೇ ತರಗತಿಗೆ ಬಂದ ಹುಡುಗಿಯೊಬ್ಬಳು ಮಾತ್ರ ನಿಜವಾಗಿಯೂ ನಂಬಿದಳು. ಮಧ್ಯಾಹ್ನದ ಊಟ ಮುಗಿಸಿ, ತನ್ನ ಕರವಸ್ತ್ರವನ್ನು ನಲ್ಲಿಯಲ್ಲಿ ತೋಯಿಸಿಕೊಂಡು ಬಂದು ಮುಂದೆ ನಿಂತಳು.

"ಕೈ ಕೊಡ್ರಿ ಟೀಚರ್, ಒರಸ್ತೇನಿ."

ನಾನು ಕೈ ಮುಂದಿಟ್ಟೆ. ಅವಳು ನಾಲಿಗೆ ಕಚ್ಚಿಕೊಂಡು ಒರೆಸಿದಳು. ಒರೆಸಿದಷ್ಟೂ ಬಿಳುಪು ದೊಡ್ಡದಾಗುತ್ತಾ ಹೋಯಿತು. "ಹೋಗವಲ್ದರಿ" ಅಂದಳು, ಕಣ್ಣಲ್ಲಿ ನೀರು. ತನಗೇ ಸರಿಯಾಗಿ ಒರೆಸಲು ಬರಲಿಲ್ಲವೆಂದು ಅಂದುಕೊಂಡಿದ್ದಳು. ನನ್ನ ಸುಳ್ಳಿನ ತಪ್ಪನ್ನು ಆರು ವರ್ಷದ ಮಗು ತನ್ನ ಮೇಲೆ ಹಾಕಿಕೊಂಡಿತ್ತು.

"ಅದು ಹೋಗೂದಿಲ್ಲವ್ವಾ," ಅಂದೆ. "ಸೀಮೆಸುಣ್ಣ ಅಲ್ಲ. ನನ್ನ ಚರ್ಮಾನ ಹಿಂಗ ಐತಿ."

"ನೋಯ್ತೈತೇನ್ರಿ?"

"ಇಲ್ಲ."

"ಮತ್ತ ಸುಳ್ಳ ಯಾಕ ಹೇಳಿದ್ರಿ?"

ನಾನು ಅವಳ ಒದ್ದೆ ಕರವಸ್ತ್ರ ಹಿಂಡಿ ಕಿಟಕಿಯ ಮೇಲೆ ಒಣಹಾಕಿದೆ.

ಮರುದಿನ ಕ್ರೀಮು ಮುಟ್ಟಲಿಲ್ಲ. ಶಾಲೆಗೆ ಹೋಗುವಾಗ ಹಾನಗಲ್ಲಿನಿಂದ ಹೊರಟ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತೆ. ಒಬ್ಬ ಹೆಂಗಸು ನೋಡಿ ದೂರ ಸರಿದು ನಿಂತಳು. ನಾನು ಕೈ ತೆಗೆಯಲಿಲ್ಲ. ತರಗತಿಯಲ್ಲಿ ಎಲ್ಲರಿಗೂ ನಿಜ ಹೇಳಿ, "ಮುಟ್ಟಿ ನೋಡಬೇಕು ಅನ್ನೋರು ಬರ್ರಿ" ಎಂದೆ. ಸಾಲುಗಟ್ಟಿದರು. ಇಬ್ಬರು ಬರಲಿಲ್ಲ, ಅವರನ್ನು ಒತ್ತಾಯಿಸಲಿಲ್ಲ. ಐದು ನಿಮಿಷಕ್ಕೆ ಕುತೂಹಲ ಮುಗಿದು, ಲೆಕ್ಕ ಬಿಡಿಸಲು ಕೂತೆವು.

ಮುಂದಿನ ತಿಂಗಳು ಸವಣೂರಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ಬಳೆ ಇಡಲು ವಯಸ್ಸಾದ ಮುಸ್ಲಿಂ ಹೆಂಗಸೊಬ್ಬರು ಬಂದಿದ್ದರು. ಅಕ್ಕ ಕಿವಿಯಲ್ಲಿ, "ನೀ ಕಡೀಕ ಕುಂದ್ರು, ಮಂದಿ ನೋಡ್ತಾರ" ಅಂದಳು. ನಾನು ಎಲ್ಲರಿಗಿಂತ ಮೊದಲು ಹೋಗಿ ಕೂತು ಕೈ ಚಾಚಿದೆ. ಬಳೆಗಾರ್ತಿ ನನ್ನ ಬೆರಳುಗಳನ್ನು ಒಟ್ಟುಗೂಡಿಸಿ ಒತ್ತಿದರು.

"ಕೈ ಸಡ್ಲ ಬಿಡವಾ. ಬಿಗಿ ಹಿಡದ್ರ ಬಳಿ ಒಡೀತಾವ. ಯಾವ ಬಣ್ಣ ಇಡ್ಲಿ?"

"ಕೆಂಪು ಇಡ್ರಿ. ಎದ್ದು ಕಾಣ್ಲಿ."

ಡಜನ್ ಬಳೆ ಏರಿಸಿದರು. ಒಂದೂ ಒಡೆಯಲಿಲ್ಲ.

ಈಗ ಎಡಹುಬ್ಬಿನ ಹತ್ತಿರ ಹೊಸ ಮಚ್ಚೆ ಬಂದಿದೆ. ಮೊನ್ನೆ ಊಟಕ್ಕೆ ಬಡಿಸುವಾಗ ಅವ್ವ ಅದನ್ನು ನೋಡಿ, "ಮಾರಿಗೂ ಬಂತಲ್ಲವ್ವಾ" ಎಂದು ರೊಟ್ಟಿಯ ತಟ್ಟೆ ಕೆಳಗಿಟ್ಟಳು.

"ಔಷಧಿ ಇದ್ರ ತಗೋತೇನಿ, ಬ್ಯಾಡ ಅನ್ನೂದಿಲ್ಲ," ಅಂದೆ. "ಮುಚ್ಚಿಕೊಂಡು ಮಾತ್ರ ತಿರುಗೂದಿಲ್ಲ. ನಾ ಆರಾಮ ಅದೇನಿ, ಅವ್ವಾ. ನೀನೂ ಆರಾಮ ಇರು."

ಅವಳು ಕೆಳಗಿಟ್ಟ ತಟ್ಟೆಯನ್ನು ಎತ್ತಿಕೊಂಡಳು. ಆಮೇಲೆ ನನಗೆ ಇನ್ನೊಂದು ರೊಟ್ಟಿ ಹಾಕಿದಳು.